ಹೊಸ ಬಂಡಿಯೋ, ಹೆಗಲೋ: ದೇವರ ಸನ್ನಿಧಿಗೆ ಭಯಭಕ್ತಿಯಿಂದಲೂ ವಿಧೇಯತೆಯಿಂದಲೂ ಬರುವುದಕ್ಕೆ ಸಮಗ್ರ ಮಾರ್ಗದರ್ಶಿ

ಎತ್ತುಗಳು ಮುಗ್ಗರಿಸಿದ್ದು ನಾಕೋನನ ಕಣದ ಬಳಿ. ಬಂಡಿ ಹೊಚ್ಚ ಹೊಸದು. ಹಿಂದೆ ಮುಂದೆ ನಡೆಯುತ್ತಿದ್ದವರು ಇಸ್ರಾಯೇಲಿನಲ್ಲೆಲ್ಲ ಆರಿಸಿ ಕೂಡಿಸಿದ 30,000 ಮಂದಿ. ಕಿನ್ನರಿ, ಸ್ವರಮಂಡಲ, ದಮ್ಮಡಿ, ತಾಳಗಳ ಸದ್ದು ಕಿವಿ ತುಂಬುತ್ತಿತ್ತು. ಅರಸನಾದ ದಾವೀದನೇ ಉತ್ಸಾಹದಿಂದ ಹಾಡುತ್ತ ಹೆಜ್ಜೆ ಹಾಕುತ್ತಿದ್ದನು. ಬಂಡಿಯ ಮೇಲಿದ್ದ ಒಡಂಬಡಿಕೆಯ ಮಂಜೂಷವು, ಅಂದರೆ ದೇವರ ಆಜ್ಞೆಗಳ ಕಲ್ಲುಹಲಗೆಗಳಿದ್ದ ಪವಿತ್ರ ಪೆಟ್ಟಿಗೆಯು, ವಾಲಿದ್ದನ್ನು ಕಂಡು ಬಂಡಿಯ ಪಕ್ಕದಲ್ಲಿ ನಡೆಯುತ್ತಿದ್ದ ಉಜ್ಜನು ಕೈಚಾಚಿ ಅದನ್ನು ಹಿಡಿದನು, ಹಿಡಿದಲ್ಲಿಯೇ ಸತ್ತುಬಿದ್ದನು. ಎರಡನೆಯ ಸಮುವೇಲನ 6ನೇ ಅಧ್ಯಾಯದಲ್ಲಿ ಇದನ್ನು ಓದಿದ ಯಾರಿಗಾದರೂ ಒಮ್ಮೆ ಮನಸ್ಸು ಮುದುಡುತ್ತದೆ: ಬೀಳುವುದನ್ನು ಬೀಳದಂತೆ ಹಿಡಿದದ್ದು ತಪ್ಪೇ?

ಮೂರು ತಿಂಗಳಾದ ಮೇಲೆ ಅದೇ ದಾವೀದನು ಅದೇ ಮಂಜೂಷವನ್ನು ಅದೇ ಯೆರೂಸಲೇಮಿಗೆ ತಂದನು. ಆ ಸಲ ಯಾರೂ ಸಾಯಲಿಲ್ಲ. ಎರಡು ಪ್ರಯಾಣಗಳಲ್ಲೂ ಗುರಿ ಒಂದೇ, ಮುಂದಾಳು ಒಬ್ಬನೇ, ದೇವರ ಮೇಲಣ ಪ್ರೀತಿಯಲ್ಲೂ ಕೊರತೆಯಿರಲಿಲ್ಲ; ಬದಲಾದದ್ದು ತರುವ ರೀತಿ ಮಾತ್ರ. ದೇವರನ್ನು ಸಮೀಪಿಸುವುದು ಹೇಗೆಂದು ಹೆಜ್ಜೆಹೆಜ್ಜೆಯಾಗಿ ಕಲಿಯಬೇಕೆನ್ನುವವರಿಗೆ ಈ ಎರಡು ಪ್ರಯಾಣಗಳ ನಡುವಣ ಮೂರು ತಿಂಗಳಿಗಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಸತ್ಯವೇದದಲ್ಲಿ ಕಂಡಿಲ್ಲ. ಮುಂದೆ ಬರೆದಿರುವ ಹಂತಗಳನ್ನು ನಾನು ಅಲ್ಲಿಂದಲೇ ತೆಗೆದುಕೊಂಡಿದ್ದೇನೆ. ಒಬ್ಬಂಟಿಯಾಗಿ ಪ್ರಾರ್ಥಿಸುವವರು, ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಡೆಸುವವರು, ಸಭೆಯಲ್ಲಿ ಆರಾಧನೆಯ ಸಿದ್ಧತೆಯನ್ನು ಹೊತ್ತವರು, ಈ ಮೂವರಿಗೂ ಇವು ಅನ್ವಯಿಸುತ್ತವೆ.

ಆರಂಭಿಸುವ ಮುನ್ನ: ಆ ಬಂಡಿ ಬಂದದ್ದೆಲ್ಲಿಂದ?

ಮಂಜೂಷವು ದೊಡ್ಡ ವಸ್ತುವೇನಲ್ಲ. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಒಂದೂವರೆ ಮೊಳ ಎತ್ತರ ಎಂದು ವಿಮೋಚನಕಾಂಡದ 25ನೇ ಅಧ್ಯಾಯ ಹೇಳುತ್ತದೆ. ಇಂದಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರೂಮುಕ್ಕಾಲು ಅಡಿ ಉದ್ದದ, ಎರಡೂಕಾಲು ಅಡಿ ಅಗಲದ ಪೆಟ್ಟಿಗೆ. ಜಾಲೀಮರದಿಂದ ಮಾಡಿ ಒಳಗೂ ಹೊರಗೂ ಚೊಕ್ಕ ಬಂಗಾರದ ತಗಡು ಹೊದಿಸಿ, ನಾಲ್ಕು ಮೂಲೆಗಳಿಗೆ ಬಳೆಗಳನ್ನು ಹಾಕಿ, ಬಳೆಗಳೊಳಗೆ ಹೊರುವ ಕೋಲುಗಳನ್ನು ಸೇರಿಸಬೇಕಾಗಿತ್ತು. ಆ ಕೋಲುಗಳನ್ನು ಎಂದಿಗೂ ಬಳೆಗಳಿಂದ ತೆಗೆಯಕೂಡದೆಂಬ ಆಜ್ಞೆಯೂ ಅಲ್ಲಿಯೇ ಇದೆ. ಅಂದರೆ ಈ ಪೆಟ್ಟಿಗೆಯನ್ನು ಸಾಗಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರವು ಪೆಟ್ಟಿಗೆಗೇ ಅಂಟಿಕೊಂಡಿತ್ತು, ಕಣ್ಣಿದ್ದವರೆಲ್ಲ ನೋಡಬಹುದಾಗಿತ್ತು.

ಅರಣ್ಯಕಾಂಡದ 4ನೇ ಅಧ್ಯಾಯವು ಇನ್ನೂ ಸ್ಪಷ್ಟವಾಗಿ, ಯಾಜಕರು ಮಂಜೂಷವನ್ನು ಮುಚ್ಚಿದ ಮೇಲೆ, ದೇವರ ಗುಡಾರದ ಸೇವೆಗೆ ನೇಮಕವಾದ ಕುಲದವರಾದ ಲೇವಿಯರಲ್ಲಿ ಕೆಹಾತನ ವಂಶದವರು ಅದನ್ನು ಹೊರಬೇಕೆಂದೂ, ಪರಿಶುದ್ಧ ವಸ್ತುಗಳನ್ನು ಮುಟ್ಟಿದರೆ ಸಾಯುವರೆಂದೂ ತಿಳಿಸುತ್ತದೆ. ನನಗೆ ಅದಕ್ಕಿಂತ ಹಿಡಿಸಿರುವುದು 7ನೇ ಅಧ್ಯಾಯದ ಒಂದು ಲೆಕ್ಕ. ಕುಲಾಧಿಪತಿಗಳು ದೇವದರ್ಶನದ ಗುಡಾರದ ಸೇವೆಗಾಗಿ 6 ಬಂಡಿಗಳನ್ನೂ 12 ಎತ್ತುಗಳನ್ನೂ ಕಾಣಿಕೆಯಾಗಿ ತಂದರು. ಮೋಶೆಯು ಅವನ್ನು ಲೇವಿಯರ ವಂಶಗಳಿಗೆ ಹಂಚುವಾಗ 2 ಬಂಡಿ 4 ಎತ್ತುಗಳನ್ನು ಗೇರ್ಷೋನ್ಯರಿಗೆ ಕೊಟ್ಟನು, 4 ಬಂಡಿ 8 ಎತ್ತುಗಳನ್ನು ಮೆರಾರೀಯರಿಗೆ ಕೊಟ್ಟನು, ಕೆಹಾತ್ಯರಿಗೆ ಒಂದನ್ನೂ ಕೊಡಲಿಲ್ಲ. ಅವರ ಪಾಲಿಗೆ ಬಂದ ಪರಿಶುದ್ಧ ವಸ್ತುಗಳನ್ನು ಹೆಗಲ ಮೇಲೆ ಹೊರಬೇಕಾಗಿತ್ತು. ಆದ್ದರಿಂದ ಬಂಡಿಯ ಮೇಲೆ ದೇವರಿಗೆ ಯಾವ ಹಗೆಯೂ ಇರಲಿಲ್ಲ. ಪರದೆ, ಹಲಗೆ, ಕಂಬ, ಗದ್ದಿಗೇಕಲ್ಲುಗಳೆಲ್ಲ ಬಂಡಿಯಲ್ಲಿಯೇ ಹೋದವು. ಮಂಜೂಷಕ್ಕೆ ಮಾತ್ರ ಬಂಡಿಯಿಲ್ಲ ಎಂಬುದು ಮರೆತುಹೋದ ಸಂಗತಿಯಾಗಿರದೆ ಬೇಕೆಂದೇ ಮಾಡಿದ ಏರ್ಪಾಟಾಗಿತ್ತು.

ಹಾಗಾದರೆ ಮಂಜೂಷವನ್ನು ಹೊಸ ಬಂಡಿಯ ಮೇಲೆ ಇಡುವ ಯೋಚನೆ ಮೊದಲು ಯಾರಿಗೆ ಬಂತು? ಇಸ್ರಾಯೇಲಿನ ನೆರೆಯ ಶತ್ರುಗಳಾದ ಫಿಲಿಷ್ಟಿಯರ ಪೂಜಾರಿಗಳಿಗೂ ಶಕುನ ಹೇಳುವವರಿಗೂ. ಯುದ್ಧದಲ್ಲಿ ಹಿಡಿದುಕೊಂಡು ಹೋದ ಮಂಜೂಷವು 7 ತಿಂಗಳ ಕಾಲ ಅಷ್ಡೋದು, ಗತೂರು, ಎಕ್ರೋನು ಎಂಬ ಅವರ ಪಟ್ಟಣಗಳನ್ನು ಪೀಡಿಸಿದಾಗ, ಹೊಸ ಬಂಡಿ ಮಾಡಿಸಿ, ಎಂದೂ ನೊಗ ಹೊರದ ಎರಡು ಹಾಲು ಕರೆಯುವ ಆಕಳುಗಳನ್ನು ಹೂಡಿ, ಮಂಜೂಷವನ್ನು ಹಿಂದಕ್ಕೆ ಕಳುಹಿಸಿರೆಂದು ಹೇಳಿದವರು ಅವರೇ. ಧರ್ಮಶಾಸ್ತ್ರವನ್ನು ಕಂಡೇ ಇರದ ಆ ಜನರನ್ನು ದೇವರು ಸಹಿಸಿಕೊಂಡನು. ಆದರೆ ಕೈಯಲ್ಲಿ ಧರ್ಮಶಾಸ್ತ್ರವಿದ್ದ ಜನಾಂಗವು ಅದನ್ನು ಬಿಚ್ಚಿ ನೋಡದೆ, ನೆರೆಯವರು ಮಾಡಿ ಗೆದ್ದದ್ದನ್ನು ನೋಡಿ ಬಂಡಿ ಕಟ್ಟಿತು.

ಮೊದಲನೆಯ ಹೆಜ್ಜೆ: ನಿಮ್ಮ ಬಂಡಿ ಯಾವುದೆಂದು ಗುರುತಿಸಿರಿ

ಮೊದಲ ಪೂರ್ವಕಾಲವೃತ್ತಾಂತದ 13ನೇ ಅಧ್ಯಾಯದಲ್ಲಿ ದಾವೀದನು ಪ್ರಯಾಣಕ್ಕೆ ಮುನ್ನ ಯಾರ ಯಾರನ್ನು ಕೇಳಿದನೆಂಬ ವಿವರವಿದೆ. ಸಹಸ್ರಾಧಿಪತಿಗಳನ್ನು ಕೇಳಿದನು, ಶತಾಧಿಪತಿಗಳನ್ನು ಕೇಳಿದನು, ಸರ್ವಸಮೂಹದವರನ್ನೂ ಕೇಳಿದನು. ಎಲ್ಲರಿಗೂ ಆ ಮಾತು ಸರಿಯೆಂದು ತೋರಿತು. ಯಾಜಕರ ಬಳಿಯಿದ್ದ ಧರ್ಮಶಾಸ್ತ್ರವನ್ನು ತರಿಸಿ ಓದಿಸಿದನೆಂದು ಮಾತ್ರ ಅಲ್ಲಿ ಬರೆದಿಲ್ಲ. ಒಮ್ಮತವಿತ್ತು, ಉತ್ಸಾಹವಿತ್ತು, ಖರ್ಚಿಗೂ ಕೊರತೆಯಿರಲಿಲ್ಲ.

ಇದನ್ನು ಓದುವಾಗಲೆಲ್ಲ ನನಗೆ ನಾನೇ ಕೂಡಿದ್ದ ಒಂದು ಸಮಿತಿ ನೆನಪಾಗುತ್ತದೆ. ಒಂದು ಸಭೆಯ ವಾರ್ಷಿಕ ಆರಾಧನೆಗೆ ನಾವು ಒಂದೂವರೆ ತಿಂಗಳು ತಯಾರಿ ನಡೆಸಿದೆವು. ಕಾರ್ಯಕ್ರಮದ ಪಟ್ಟಿ ನನ್ನ ಕೈಬರಹದಲ್ಲಿಯೇ ಇತ್ತು: ಶಾಮಿಯಾನ, ಮೈಕು, ಜನರೇಟರಿಗೆ ಡೀಸೆಲ್, ಹಾರ, ಊಟದ ಎಲೆ, ಎಲ್ಲದರ ಮುಂದೆಯೂ ಒಬ್ಬೊಬ್ಬರ ಹೆಸರು. ಹಿಂದಿನ ರಾತ್ರಿ ಅದನ್ನು ತೆಗೆದು ನೋಡಿದರೆ ‘ವಾಕ್ಯಪಾಠ’ ಎಂಬ ಸಾಲಿನ ಮುಂದೆ ಜಾಗ ಖಾಲಿ ಇತ್ತು. ಯಾರೂ ಅದನ್ನು ಬೇಕೆಂದು ಬಿಟ್ಟಿರಲಿಲ್ಲ. ಅದು ತನ್ನಷ್ಟಕ್ಕೆ ಆಗುತ್ತದೆಂದು ಎಲ್ಲರೂ ನಂಬಿದ್ದೆವು, ಅಷ್ಟೇ.

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ನೀವು ದೇವರನ್ನು ಸಮೀಪಿಸುವಾಗ ಮಾಡುವ ಪ್ರತಿಯೊಂದನ್ನೂ ಬರೆಯಿರಿ. ಪ್ರಾರ್ಥನೆಯ ಹೊತ್ತು, ಹಾಡು, ಕಾಣಿಕೆ, ಉಪವಾಸ, ಹರಕೆ, ಭಾನುವಾರದ ಕ್ರಮ, ಪರೀಕ್ಷೆಯ ಮುಂಚೆ ಮಕ್ಕಳಿಗೆ ಮಾಡಿಸುವ ವಿಶೇಷ ಪ್ರಾರ್ಥನೆ, ಯಾವುದನ್ನೂ ಬಿಡಬೇಡಿರಿ. ನಂತರ ಒಂದೊಂದರ ಮುಂದೆಯೂ ಮೂರರಲ್ಲಿ ಒಂದು ಗುರುತು ಹಾಕಿರಿ: ದೇವರು ಹೇಳಿದ್ದು, ದೇವರು ನಮ್ಮ ವಿವೇಚನೆಗೆ ಬಿಟ್ಟದ್ದು, ಎಲ್ಲಿಂದಲೋ ಎರವಲು ತಂದು ದೇವರ ಹೆಸರು ಹಚ್ಚಿದ್ದು.

ಎರಡನೆಯ ಗುಂಪಿನಲ್ಲಿ ಸೇರುವಂಥವು ಬಹಳ ಇರುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದವರಿಗೆ ಗಂಟೆ, ಬೆಂಚು, ನಾಲ್ಕು ಸ್ವರಗಳ ಕೀರ್ತನೆ ಇವಿಲ್ಲದೆ ಆರಾಧನೆ ಆರಾಧನೆಯೆನಿಸುವುದಿಲ್ಲ. ಜಮಖಾನದ ಮೇಲೆ ಕುಳಿತು ಹಾರ್ಮೋನಿಯಂ, ತಬಲದೊಂದಿಗೆ ಹಾಡುವ ಹಳ್ಳಿಯ ಸಭೆಗೆ ಬೆಂಚು ಅಡ್ಡಿಯೆನಿಸುತ್ತದೆ. ಎರಡನ್ನೂ ದೇವರು ಆಜ್ಞಾಪಿಸಿಲ್ಲ, ಎರಡನ್ನೂ ನಿಷೇಧಿಸಿಲ್ಲ. ನಮ್ಮ ರೂಢಿಯನ್ನು ದೇವಾಜ್ಞೆಯ ಸಾಲಿಗೆ ಏರಿಸುವುದೂ ಸ್ವಂತ ಯೋಚನೆಯೇ ಎಂಬುದನ್ನು ಹಳೆಯ ಕ್ರಮವನ್ನು ಪ್ರೀತಿಸುವ ನನ್ನಂಥವರು ನೆನಪಿಡಬೇಕು.

ಅಪಾಯವಿರುವುದು ಮೂರನೆಯ ಗುಂಪಿನಲ್ಲಿ. ಮೋಶೆಯ ಅಣ್ಣನಾದ ಆರೋನನು ಬಂಗಾರದ ಹೋರಿಕರುವನ್ನು ಮಾಡಿದಾಗ ‘ನಾಳೆ ಬೇರೆ ದೇವರ ಹಬ್ಬ’ ಎನ್ನಲಿಲ್ಲ, ನಾಳೆ ಯೆಹೋವನಿಗೆ ಹಬ್ಬ ಎಂದು ಸಾರಿಸಿದನು. ಉತ್ತರ ಇಸ್ರಾಯೇಲಿನ ಅರಸನಾದ ಯಾರೊಬ್ಬಾಮನು ಇನ್ನೂ ಜಾಣ. ಜನರು ಯೆರೂಸಲೇಮಿಗೆ ಹೋದರೆ ತನ್ನ ರಾಜ್ಯ ಕೈಬಿಟ್ಟೀತೆಂದು ಬೇತೇಲಿನಲ್ಲೊಂದು, ದಾನಿನಲ್ಲೊಂದು ಕರುವನ್ನಿಟ್ಟು, ಏಳನೆಯ ತಿಂಗಳ 15ನೇ ದಿನದ ಹಬ್ಬಕ್ಕೆ ಬದಲಾಗಿ ಎಂಟನೆಯ ತಿಂಗಳ 15ನೇ ದಿನದಲ್ಲಿ ಹಬ್ಬವನ್ನು ಗೊತ್ತುಮಾಡಿದನು. ಆ ತಿಂಗಳನ್ನು ಅವನು ತನ್ನ ಮನಸ್ಸಿನಲ್ಲೇ ಕಲ್ಪಿಸಿಕೊಂಡನೆಂದು ಮೊದಲ ಅರಸುಗಳ 12ನೇ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಜನರಿಗೆ ಹೇಳಿದ ಕಾರಣ ಮಾತ್ರ ಬಹಳ ದಯೆಯದು: ಅಷ್ಟು ದೂರ ಹೋಗುವುದು ನಿಮಗೆ ಕಷ್ಟ. ನಿಮ್ಮ ಹಾಳೆಯಲ್ಲಿ ಯಾವುದಾದರೂ ರೂಢಿಗೆ ‘ಇದು ನಮಗೆ ಸುಲಭ’ ಎಂಬುದರ ಹೊರತು ಬೇರೆ ಆಧಾರ ಸಿಗದಿದ್ದರೆ ಅದರ ಕೆಳಗೆ ಗೆರೆ ಎಳೆಯಿರಿ.

ಎರಡನೆಯ ಹೆಜ್ಜೆ: ಯೋಜನೆಗೆ ಮುನ್ನ ವಾಕ್ಯವನ್ನು ಬಿಚ್ಚಿರಿ

ಇಸ್ರಾಯೇಲಿನ ಅರಸನಾದವನು ಸಿಂಹಾಸನಕ್ಕೆ ಬಂದಾಗ ಧರ್ಮಶಾಸ್ತ್ರದ ಒಂದು ಪ್ರತಿಯನ್ನು ಬರೆದುಕೊಂಡು, ಅದನ್ನು ತನ್ನ ಬಳಿಯಲ್ಲಿಟ್ಟುಕೊಂಡು, ಬದುಕಿರುವ ತನಕ ದಿನವೂ ಓದಬೇಕೆಂದು ಧರ್ಮೋಪದೇಶಕಾಂಡದ 17ನೇ ಅಧ್ಯಾಯದಲ್ಲಿ ಅಪ್ಪಣೆಯಿದೆ. ಬೇರೆಯವರಿಂದ ಕೇಳಿದರೆ ಸಾಲದು, ಬರೆದಿಡಬೇಕು. ಉಜ್ಜನು ಸತ್ತ ಮೂರು ತಿಂಗಳಲ್ಲಿ ಎಲ್ಲಿಯೋ ದಾವೀದನು ಈ ಬಿಟ್ಟುಹೋದ ಕೆಲಸಕ್ಕೆ ಹಿಂದಿರುಗಿರಬೇಕು. ಏಕೆಂದರೆ ಮೊದಲ ಪೂರ್ವಕಾಲವೃತ್ತಾಂತದ 15ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ, ಲೇವಿಯರ ಹೊರತು ಯಾರೂ ಮಂಜೂಷವನ್ನು ಹೊರಕೂಡದು, ಮೊದಲ ಸಲ ನಾವು ನಿಯಮದ ಪ್ರಕಾರ ದೇವರನ್ನು ಹುಡುಕಲಿಲ್ಲ ಎಂದು ಅವನೇ ಹೇಳುತ್ತಿದ್ದಾನೆ. ‘ನಾವು’ ಎಂದನು. ತಪ್ಪನ್ನು ಸತ್ತವನ ತಲೆಗೆ ಕಟ್ಟಲಿಲ್ಲ.

ಈ ಹೆಜ್ಜೆಯನ್ನು ಮನೆಯಲ್ಲಿ ಹೀಗೆ ಮಾಡಿರಿ. ಒಂದು ನೋಟುಪುಸ್ತಕವನ್ನು ಇದಕ್ಕಾಗಿಯೇ ಇಟ್ಟು, ಏಳು ದಿನಗಳ ಕಾಲ ದಿನಕ್ಕೊಂದು ಭಾಗವನ್ನು ಗಟ್ಟಿಯಾಗಿ ಓದಿ, ಅದರಲ್ಲಿ ‘ಮಾಡಬೇಕು’, ‘ಮಾಡಬಾರದು’ ಎಂದು ಬರುವ ಮಾತುಗಳನ್ನು ಮಾತ್ರ ಕೈಯಿಂದ ಬರೆದುಕೊಳ್ಳಿರಿ. ಮೊದಲ ದಿನ ವಿಮೋಚನಕಾಂಡ 25, ಎರಡನೆಯ ದಿನ ಅರಣ್ಯಕಾಂಡ 4, ಮೂರನೆಯ ದಿನ ಅರಣ್ಯಕಾಂಡ 7ರ ಮೊದಲ ಒಂಬತ್ತು ವಚನಗಳು, ನಾಲ್ಕನೆಯ ದಿನ ಮೊದಲ ಸಮುವೇಲ 4ರಿಂದ 6, ಐದನೆಯ ದಿನ ಎರಡನೆಯ ಸಮುವೇಲ 6, ಕೊನೆಯ ಎರಡು ದಿನ ಮೊದಲ ಪೂರ್ವಕಾಲವೃತ್ತಾಂತ 13 ಮತ್ತು 15. ಬೆರಳಚ್ಚು ಬೇಡ, ಮೊಬೈಲಿನಲ್ಲಿ ನಕಲು ಮಾಡಿ ಅಂಟಿಸುವುದೂ ಬೇಡ. ಕೈಬರಹ ನಿಧಾನ, ಆ ನಿಧಾನದಲ್ಲಿಯೇ ‘ಇದು ಇಲ್ಲಿತ್ತೇ?’ ಎಂಬ ಬೆರಗು ಹುಟ್ಟುತ್ತದೆ.

ವಾರ ಮುಗಿದ ಮೇಲೆ ಇದೇ ಕ್ರಮವನ್ನು ನಿಮ್ಮ ಹಾಳೆಯಲ್ಲಿ ಗೆರೆ ಎಳೆದ ರೂಢಿಗೆ ಅನ್ವಯಿಸಿರಿ. ಹರಕೆಯಾದರೆ ಪ್ರಸಂಗಿ 5, ಉಪವಾಸವಾದರೆ ಯೆಶಾಯ 58 ಮತ್ತು ಮತ್ತಾಯ 6, ಕಾಣಿಕೆಯಾದರೆ ಮಾರ್ಕ 7 ಮತ್ತು ಎರಡನೆಯ ಕೊರಿಂಥ 8, 9. ಮೊದಲೇ ತೀರ್ಮಾನ ಮಾಡಿಕೊಂಡು ಅದಕ್ಕೆ ಹೊಂದುವ ವಚನ ಹುಡುಕುವ ಚಾಳಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಇಡೀ ಅಧ್ಯಾಯವನ್ನು ಓದುವುದೇ ಒಂದು ಶಿಸ್ತೆನ್ನಬೇಕಾಗಿದೆ.

ಮೂರನೆಯ ಹೆಜ್ಜೆ: ಪಳಗಿಕೆಯನ್ನು ಭಕ್ತಿಯೆಂದು ಎಣಿಸದಿರಿ

ಉಜ್ಜನ ವಿಷಯಕ್ಕೆ ಹಿಂದಿರುಗೋಣ. ಫಿಲಿಷ್ಟಿಯರಿಂದ ಬಂದ ಮಂಜೂಷವು ಕಿರ್ಯತ್ಯಾರೀಮಿನ ಗುಡ್ಡದ ಮೇಲಿದ್ದ ಅಬೀನಾದಾಬನ ಮನೆಯಲ್ಲಿ ಬಹು ವರ್ಷಗಳ ಕಾಲ ಇತ್ತು. ಊರವರಿಗೆ ಅದು ನಡುಕ ಹುಟ್ಟಿಸುವ ವಸ್ತು; ಆ ಮನೆಯ ಮಗನಾಗಿ ಓಡಾಡಿಕೊಂಡಿದ್ದ ಉಜ್ಜನಿಗೆ ದಿನ ಬೆಳಗಾದರೆ ಕಾಣುವ ವಸ್ತು. ಬಂಡಿಯ ಪಕ್ಕದಲ್ಲಿ ನಡೆಯುವ ಕೆಲಸ ಅವನಿಗೆ ಸಿಕ್ಕಿದ್ದೂ ಆ ಪರಿಚಯದಿಂದಲೇ ಇರಬೇಕು. ಎತ್ತು ಮುಗ್ಗರಿಸಿದಾಗ ಅವನ ಕೈ ಯೋಚಿಸದೆ ಮುಂದೆ ಹೋಯಿತು, ಮನೆಯ ಸಾಮಾನು ಬೀಳುವಾಗ ಯಾರದಾದರೂ ಹೋಗುವಂತೆ.

ಆರೋನನ ಮಕ್ಕಳಾದ ನಾದಾಬ್, ಅಬೀಹು ಕೂಡ ಹೊರಗಿನವರಲ್ಲ. ಮೋಶೆಯೊಂದಿಗೆ ಬೆಟ್ಟ ಹತ್ತಿದ್ದವರು, ಯಾಜಕರಾಗಿ ಅಭಿಷೇಕ ಹೊಂದಿದ್ದವರು. ಯಾಜಕಕಾಂಡದ 8ನೇ ಅಧ್ಯಾಯದಲ್ಲಿ ‘ಯೆಹೋವನು ಮೋಶೆಗೆ ಆಜ್ಞಾಪಿಸಿದಂತೆಯೇ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. 9ನೇ ಅಧ್ಯಾಯದ ಕೊನೆಯಲ್ಲಿ ದೇವರ ಸನ್ನಿಧಿಯಿಂದ ಬೆಂಕಿ ಹೊರಟು ಯಜ್ಞವನ್ನು ದಹಿಸುತ್ತದೆ. 10ನೇ ಅಧ್ಯಾಯದ ಮೊದಲ ವಚನದಲ್ಲಿಯೇ ಈ ಇಬ್ಬರು ದೇವರು ಆಜ್ಞಾಪಿಸದೆ ಇದ್ದ ಬೇರೆ ಬೆಂಕಿಯನ್ನು ಧೂಪಾರತಿಗಳಲ್ಲಿ ತರುತ್ತಾರೆ. ಯಜ್ಞವನ್ನು ದಹಿಸಿದಂಥ ಬೆಂಕಿಯೇ ಹೊರಟು ಅವರನ್ನು ದಹಿಸಿತು. ಅವರ ಮನಸ್ಸಿನಲ್ಲಿ ಏನಿತ್ತೆಂದು ಪಾಠ ಹೇಳುವುದಿಲ್ಲ. ನಮಗೆ ಅದು ಮುಖ್ಯವೆನಿಸುತ್ತದೆ. ಪಾಠವು ‘ಆಜ್ಞಾಪಿಸದೆ ಇದ್ದ’ ಎಂಬ ಒಂದೇ ಮಾತಿನಲ್ಲಿ ನಿಲ್ಲುತ್ತದೆ.

ಸಭೆಯಲ್ಲಿ ಬೆಳೆದ ಮಕ್ಕಳಿಗೂ, ಬೋಧಕರ ಮನೆಯವರಿಗೂ, ವೇದಿಕೆಯ ಮೇಲೆ ವಾರವಾರವೂ ನಿಲ್ಲುವವರಿಗೂ ಈ ಹೆಜ್ಜೆ ಎಲ್ಲರಿಗಿಂತ ಹೆಚ್ಚು ಬೇಕು. ಇದಕ್ಕೆ ನಾನು ಬಲ್ಲ ಔಷಧ ಮೌನ. ಪ್ರಾರ್ಥನೆಗೆ ಕುಳಿತ ಕೂಡಲೇ ಬಾಯಿ ತೆರೆಯದೆ ಎರಡು ನಿಮಿಷ ಸುಮ್ಮನಿದ್ದು, ಯಾರ ಮುಂದೆ ಇದ್ದೇನೆಂಬುದನ್ನು ಒಂದು ವಾಕ್ಯವಾಗಿ ಮನಸ್ಸಿನಲ್ಲಿ ಹೇಳಿಕೊಳ್ಳಿರಿ. ಎರಡು ನಿಮಿಷ ಎಷ್ಟು ಉದ್ದವೆಂಬುದು ಮೊದಲ ದಿನವೇ ತಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಬರುವ ಮುನ್ನ ಶುದ್ಧಿಮಾಡಿಕೊಳ್ಳಿರಿ

ಎರಡನೆಯ ಪ್ರಯಾಣಕ್ಕೆ ದಾವೀದನು ಲೇವಿಯರನ್ನು ಹೆಸರು ಹಿಡಿದು ಕರೆಸಿದನು. ಕೆಹಾತ್ಯರು 120, ಮೆರಾರೀಯರು 220, ಗೇರ್ಷೋಮ್ಯರು 130, ಎಲೀಚಾಫಾನನ ವಂಶದವರು 200, ಹೆಬ್ರೋನನ ವಂಶದವರು 80, ಉಜ್ಜೀಯೇಲನ ವಂಶದವರು 112. ಒಟ್ಟು 862 ಮಂದಿ. ಮೊದಲ ಸಲದ 30,000ಕ್ಕೆ ಹೋಲಿಸಿದರೆ ಸಣ್ಣ ಸಂಖ್ಯೆಯೇ, ಆದರೆ ಇವರು ಕರೆಯಲ್ಪಟ್ಟವರು. ಅವರಿಗೆ ಸಿಕ್ಕಿದ ಮೊದಲ ಅಪ್ಪಣೆ ‘ಹೊರಿರಿ’ ಎಂದಲ್ಲ, ‘ನಿಮ್ಮನ್ನು ಶುದ್ಧಿಪಡಿಸಿಕೊಳ್ಳಿರಿ’ ಎಂದು.

ಹೊಸ ಒಡಂಬಡಿಕೆಯಲ್ಲಿ ಈ ಶುದ್ಧಿಗೆ ಯೇಸು ಕೊಟ್ಟ ರೂಪ ಬಹಳ ಪ್ರಾಯೋಗಿಕವಾದದ್ದು. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರಕ್ಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಸಮಾಧಾನಪಡಿಸಿಕೋ, ಆಮೇಲೆ ಬಂದು ಅರ್ಪಿಸು ಎಂದು ಮತ್ತಾಯ 5ರಲ್ಲಿ ಹೇಳಿದ್ದಾನೆ. ಆದ್ದರಿಂದ ಶನಿವಾರ ಸಂಜೆಯನ್ನು ಇದಕ್ಕೆ ಬಿಡಿರಿ. ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರೆ ಒಂದು ಫೋನು ಮಾಡಿರಿ, ಕೊಡಬೇಕಾದ ಕೂಲಿ ಬಾಕಿಯಿದ್ದರೆ ಕೊಟ್ಟುಬಿಡಿರಿ, ಗಂಡಹೆಂಡಿರ ಜಗಳವಿದ್ದರೆ ದೀಪ ಆರಿಸುವ ಮುನ್ನ ಮುಗಿಸಿರಿ. ಆಸ್ತಿಯ ಪಾಲಿನಂಥ ಒಂದು ಸಂಜೆಗೆ ಮುಗಿಯದ ವ್ಯಾಜ್ಯವಾದರೆ, ಕನಿಷ್ಠ ಪಕ್ಷ ಮೊದಲ ಮಾತನ್ನು ನೀವೇ ಆಡಿರಿ. ಉಳಿದ ಸಿದ್ಧತೆ, ಅಂದರೆ ನಿದ್ದೆ, ಬಟ್ಟೆ, ಹೊತ್ತಿಗೆ ಸರಿಯಾಗಿ ಹೊರಡುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವೇ.

ಐದನೆಯ ಹೆಜ್ಜೆ: ಮಾತುಗಳನ್ನು ಅಳೆದು ಆಡಿರಿ

ದೇವರು ಪರಲೋಕದಲ್ಲಿದ್ದಾನೆ, ನೀನು ಭೂಮಿಯ ಮೇಲಿದ್ದೀ, ಆದಕಾರಣ ನಿನ್ನ ಮಾತುಗಳು ಕೊಂಚವಾಗಿರಲಿ ಎಂದು ಪ್ರಸಂಗಿಯು ಹೇಳುತ್ತಾನೆ. ಮಾತು ಉದ್ದವಾದಷ್ಟೂ ದೇವರಿಗೆ ಸಲಹೆ ಕೊಡುವ ಅವಕಾಶ ಹೆಚ್ಚುತ್ತದೆ. ನಿಮ್ಮ ಪ್ರಾರ್ಥನೆಯನ್ನು ಒಂದು ದಿನ ಬರೆದು ನೋಡಿರಿ: ‘ಹೀಗೆ ಮಾಡು’ ಎನ್ನುವ ವಾಕ್ಯಗಳೆಷ್ಟು, ‘ನಾನು ಏನು ಮಾಡಲಿ’ ಎನ್ನುವ ವಾಕ್ಯಗಳೆಷ್ಟು?

ಯೇಸು ಕಲಿಸಿದ ಪ್ರಾರ್ಥನೆಯ ಕ್ರಮವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿರಿ. ದೇವರ ನಾಮ, ದೇವರ ರಾಜ್ಯ, ದೇವರ ಚಿತ್ತ, ಈ ಮೂರು ಮುಗಿದ ಮೇಲೆಯೇ ಅನ್ನದ ಮಾತು ಬರುತ್ತದೆ. ಒಂದು ತಿಂಗಳ ಕಾಲ ನಿಮ್ಮ ಸ್ವಂತ ಬೇಡಿಕೆಗಳನ್ನು ಈ ಮೂರರ ನಂತರವೇ ಇಡುವುದೆಂದು ನಿಯಮ ಮಾಡಿಕೊಳ್ಳಿರಿ. ಕೆಲವು ಬೇಡಿಕೆಗಳು ತಮ್ಮ ಸರದಿ ಬರುವಷ್ಟರಲ್ಲಿ ತಾವೇ ಉದುರಿಹೋಗಿರುವುದು ನನ್ನ ಅನುಭವ.

ಇಲ್ಲೊಂದು ಮಾತು ನಮ್ಮ ನುಡಿಯ ಬಗ್ಗೆ. ಊರ ಹಿರಿಯರಿಗೂ ಶಾಲೆಯ ಮಾಸ್ತರರಿಗೂ ‘ನೀವು’ ಎನ್ನುವ ನಾವು ದೇವರಿಗೆ ‘ನೀನು’ ಎನ್ನುತ್ತೇವೆ. ಕನ್ನಡದಲ್ಲಿ ಈ ಸಲಿಗೆ ಅಗೌರವವೆನಿಸುವುದಿಲ್ಲ, ಅಮ್ಮನಿಗೆ ‘ನೀನು’ ಎನ್ನುವ ಮನೆಯಲ್ಲಿ ಹೇಗೋ ಹಾಗೆ. ಭಯಭಕ್ತಿಯೆಂದರೆ ಬಿಗುವಾದ ಸಂಬೋಧನೆಗಳನ್ನು ಪೋಣಿಸುವುದೆಂದು ತಿಳಿದು ಸಂಸ್ಕೃತದ ದೊಡ್ಡ ದೊಡ್ಡ ವಿಶೇಷಣಗಳನ್ನು ಒಂದೇ ಉಸಿರಿಗೆ ಹೇಳುವವರು ಇದನ್ನು ಗಮನಿಸಬೇಕು. ‘ನೀನು’ ಎಂದು ಕರೆದವನ ಮಾತನ್ನು ಕೇಳಿ ನಡೆದರೆ ಅದರಲ್ಲಿ ಗೌರವ ತುಂಬಿರುತ್ತದೆ.

ಆರನೆಯ ಹೆಜ್ಜೆ: ಹೆಗಲು ಕೊಡಿರಿ

ಪಲ್ಲಕ್ಕಿ ಹೊತ್ತವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಕೋಲಿನ ಭಾರ ಹೆಗಲಿಗೆ ಬಿದ್ದ ಕೂಡಲೇ ಹೊತ್ತವನ ನಡಿಗೆಯೇ ಬದಲಾಗುತ್ತದೆ. ಅವನು ತನ್ನಿಷ್ಟಕ್ಕೆ ನಡೆಯಲಾರ. ಮುಂದಿನವನ ಹೆಜ್ಜೆಯನ್ನು ನೋಡಬೇಕು, ಹಿಂದಿನವನ ಎತ್ತರಕ್ಕೆ ಹೊಂದಿಕೊಳ್ಳಬೇಕು, ಹಳ್ಳ ಬಂದರೆ ಕೂಗಿ ಹೇಳಬೇಕು. ಬಂಡಿಯ ಪಕ್ಕದಲ್ಲಿ ನಡೆಯುವವನಿಗೆ ಇದಾವುದೂ ಇಲ್ಲ. ಅವನು ಹಾಡಬಹುದು, ಹರಟಬಹುದು, ಅತ್ತಿತ್ತ ನೋಡಬಹುದು, ಭಾರವೆಲ್ಲ ಎತ್ತಿನದು. ಕಿರ್ಯತ್ಯಾರೀಮಿನಿಂದ ಯೆರೂಸಲೇಮಿಗೆ ಹತ್ತುಹದಿನೈದು ಕಿಲೋಮೀಟರಿನ ಏರುದಾರಿಯಲ್ಲಿ ಬಂಡಿಯೇ ಸರಿಯೆಂದು ತೋರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ದೇವರು ಬಯಸಿದ್ದು ಆ ಭಾರವನ್ನು ಮನುಷ್ಯರ ಮೈ ಅರಿಯಬೇಕೆಂದು.

ಇಂದಿನ ನಮ್ಮ ಬಂಡಿಗಳು ಸದ್ದಿಲ್ಲದೆ ಉರುಳುತ್ತವೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಯೂಟ್ಯೂಬಿನಲ್ಲಿ ಆರಾಧನೆ ಓಡಿಸುವುದು, ಪ್ರಾರ್ಥನಾ ವಿನಂತಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿ ತಾನು ಮಾತ್ರ ಪ್ರಾರ್ಥಿಸದಿರುವುದು, ಮಕ್ಕಳ ಭಕ್ತಿಯನ್ನೆಲ್ಲ ಭಾನುವಾರದ ಶಾಲೆಗೆ ಗುತ್ತಿಗೆ ಕೊಡುವುದು. ಹಾಸಿಗೆ ಹಿಡಿದವರಿಗೂ, ಸಭೆಯಿಲ್ಲದ ಊರಲ್ಲಿ ದುಡಿಯುವ ಕನ್ನಡಿಗರಿಗೂ ಮೊಬೈಲಿನಲ್ಲಿ ಬರುವ ಆರಾಧನೆ ವರವೇ ಸರಿ. ನಾನು ಹೇಳುತ್ತಿರುವುದು ಕಾಲು ಗಟ್ಟಿಯಿದ್ದೂ ಎತ್ತಿನ ಮೇಲೆ ಭಾರ ಹೊರಿಸುವವರ ವಿಷಯ.

ಹೆಗಲು ಕೊಡುವುದೆಂದರೆ ಹೀಗೆ: ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಗೊತ್ತುಮಾಡಿ, ಐದು ನಿಮಿಷ ವಾಕ್ಯ, ಒಂದು ಕೀರ್ತನೆ, ಉಳಿದದ್ದು ಪ್ರಾರ್ಥನೆ. ಓದುವ ಸರದಿ ಪ್ರತಿಯೊಬ್ಬರಿಗೂ ಬರಲಿ, ಅಕ್ಷರ ಕೂಡಿಸಿ ಓದುವ ಎರಡನೆಯ ತರಗತಿಯ ಮಗುವಿಗೂ. ಓದಿದ್ದರಲ್ಲಿ ನಾಳೆ ಮಾಡಬೇಕಾದ ಒಂದು ಕೆಲಸವನ್ನು ಎಲ್ಲರೂ ಸೇರಿ ಹೆಸರಿಸಿರಿ. ಮರುದಿನ ಅದನ್ನು ಮಾಡಿದಿರೋ ಇಲ್ಲವೋ ಎಂದು ಕೇಳುವುದರಿಂದಲೇ ಪ್ರಾರ್ಥನೆಯನ್ನು ಆರಂಭಿಸಿರಿ. ಮೊದಲನೆಯ ವಾರ ಇದು ಮುಜುಗರ ತರುತ್ತದೆ. ಅಮಾಲೇಕ್ಯರ ಕುರಿಗಳನ್ನು ಉಳಿಸಿಕೊಂಡು ಯಜ್ಞಕ್ಕಾಗಿ ಎಂದ ಸೌಲನಿಗೆ ಸಮುವೇಲನು ಕೊಟ್ಟ ಉತ್ತರ, ಅಂದರೆ ಯಜ್ಞಕ್ಕಿಂತ ಮಾತು ಕೇಳುವುದು ಮೇಲೆಂಬುದು, ಈ ಮುಜುಗರದಲ್ಲಿಯೇ ಅರ್ಥವಾಗುವುದು.

ಏಳನೆಯ ಹೆಜ್ಜೆ: ಆರು ಹೆಜ್ಜೆ ನಡೆದು ನಿಲ್ಲಿರಿ, ಆಮೇಲೆ ಕುಣಿಯಿರಿ

ಎರಡನೆಯ ಸಲ ಮಂಜೂಷ ಹೊತ್ತವರು ಆರು ಹೆಜ್ಜೆ ನಡೆದಾಗ ದಾವೀದನು ಹೋರಿಯನ್ನೂ ಕೊಬ್ಬಿದ ಕರುವನ್ನೂ ಯಜ್ಞವಾಗಿ ಅರ್ಪಿಸಿದನು. ಆರು ಹೆಜ್ಜೆಯೆಂದರೆ ಒಂದು ಅಂಗಳ ದಾಟುವಷ್ಟು. ಆ ಆರು ಹೆಜ್ಜೆಗಳಲ್ಲಿ ಅವನ ಉಸಿರು ಹೇಗೆ ನಿಂತಿರಬೇಕು! ಹೊಸ ರೂಢಿಯೊಂದನ್ನು ಆರಂಭಿಸುವವರು ವರ್ಷದ ಯೋಜನೆ ಹಾಕದೆ ಆರು ದಿನ ನಡೆದು ನಿಂತು ಕೃತಜ್ಞತೆ ಹೇಳಲಿ, ಎಡವಟ್ಟಾಗಿದ್ದರೆ ತಿದ್ದಿಕೊಳ್ಳಲಿ.

ಆ ಮೇಲಿನದು ಕುಣಿತ. ಯಾಜಕರು ತೊಡುವಂಥ ನಾರಿನ ಏಫೋದೆಂಬ ಉಡುಪನ್ನು ಕಟ್ಟಿಕೊಂಡು ದಾವೀದನು ಪೂರ್ಣಬಲದಿಂದ ಕುಣಿದನು, ತುತೂರಿ ಊದಿತು, ಜನರು ಆರ್ಭಟಿಸಿದರು. ಲೇವಿಯರಿಗೆ ದೇವರು ಸಹಾಯಮಾಡಿದನೆಂದು ಮೊದಲ ಪೂರ್ವಕಾಲವೃತ್ತಾಂತದ 15ನೇ ಅಧ್ಯಾಯದಲ್ಲಿ ಬರೆದಿದೆ. ಭಯಭಕ್ತಿಯ ಮಾತೆತ್ತಿದ ಕೂಡಲೇ ಮುಖ ಗಂಟಿಕ್ಕುವವರು ಎರಡು ಪ್ರಯಾಣಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಲಿ: ವಿಧೇಯತೆ ಬಂದ ಮೇಲೆ ಸಂತೋಷ ಕುಗ್ಗಲಿಲ್ಲ, ಕೈತುಂಬಿ ಹಂಚುವಷ್ಟಾಯಿತು; ಗಂಡಸರು ಹೆಂಗಸರೆನ್ನದೆ ಪ್ರತಿಯೊಬ್ಬರಿಗೂ ರೊಟ್ಟಿ, ಮಾಂಸ, ದ್ರಾಕ್ಷೆಯ ಉಂಡೆ ಸಿಕ್ಕಿತು. ಕಿಟಕಿಯಿಂದ ನೋಡಿ ಮನಸ್ಸಿನಲ್ಲಿ ತಿರಸ್ಕರಿಸಿದವಳು ದಾವೀದನ ಹೆಂಡತಿ ಮೀಕಲ್ ಒಬ್ಬಳೇ. ಆಕೆಗೆ ಅರಸನ ಮರ್ಯಾದೆಯ ಚಿಂತೆಯಿತ್ತು.

ಎಡವಿದವರಿಗೆ ಮತ್ತು ಅಂಜುವವರಿಗೆ

ಇಷ್ಟು ಓದಿದ ಮೇಲೆ ಕೆಲವರಿಗೆ ಪ್ರಾರ್ಥನೆಗೆ ಕೂರಲೇ ಹೆದರಿಕೆಯಾಗಬಹುದು. ದಾವೀದನಿಗೂ ಆಯಿತು. ಮೊದಲು ಸಿಟ್ಟುಗೊಂಡನು, ನಂತರ ಅಂಜಿದನು, ಮಂಜೂಷವು ನನ್ನ ಬಳಿಗೆ ಬರುವುದು ಹೇಗೆಂದು ಹೇಳಿ ಅದನ್ನು ಗತೂರಿನವನಾದ ಓಬೇದೆದೋಮನ ಮನೆಗೆ ತಿರುಗಿಸಿಬಿಟ್ಟನು. ಅಲ್ಲಿ ಮೂರು ತಿಂಗಳು ಆ ಮನೆಯವರೆಲ್ಲ ಆಶೀರ್ವಾದ ಹೊಂದಿದರು. ಪೆಟ್ಟಿಗೆ ಅದೇ, ಒಂದು ಕಡೆ ಸಾವು, ಇನ್ನೊಂದು ಕಡೆ ಸುಖ. ಆ ಸುದ್ದಿ ಕೇಳಿಯೇ ದಾವೀದನು ಮತ್ತೆ ಎದ್ದನು.

ನಿಯಮದ ಅಕ್ಷರವೊಂದು ತಪ್ಪಿದರೆ ದೇವರು ಎರಗುತ್ತಾನೆಂಬ ಭಾವನೆ ಸತ್ಯವೇದದಿಂದ ಹುಟ್ಟಿದ್ದಲ್ಲ. ನಾದಾಬ್, ಅಬೀಹು ಸತ್ತ ದಿನವೇ ಆರೋನನು ದೋಷಪರಿಹಾರಕ ಯಜ್ಞದ ಮಾಂಸವನ್ನು ನಿಯಮದಂತೆ ಊಟಮಾಡಲಿಲ್ಲ. ಮೋಶೆಯು ಸಿಟ್ಟಾದನು, ಆರೋನನು, ನನಗೆ ಇಂಥವು ಸಂಭವಿಸಿರುವ ಈ ದಿನ ನಾನು ಅದನ್ನು ಊಟಮಾಡಿದ್ದರೆ ದೇವರಿಗೆ ಒಪ್ಪಿಗೆಯಾಗುತ್ತಿತ್ತೇ ಎಂದನು, ಮೋಶೆಯು ಕೇಳಿ ಸಮ್ಮತಿಸಿದನು. ಯಾಜಕಕಾಂಡದ ಅದೇ 10ನೇ ಅಧ್ಯಾಯ ಇಲ್ಲಿಗೆ ಮುಗಿಯುತ್ತದೆ. ಹಿಜ್ಕೀಯನ ಪಸ್ಕಹಬ್ಬಕ್ಕೆ ಉತ್ತರದ ಕುಲಗಳಿಂದ ಬಂದವರಲ್ಲಿ ಅನೇಕರು ಶುದ್ಧಿಮಾಡಿಕೊಳ್ಳದೆಯೇ ಉಂಡರು. ದೇವರನ್ನು ಹುಡುಕುವುದಕ್ಕೆ ಮನಸ್ಸಿಟ್ಟವರನ್ನು ಕ್ಷಮಿಸೆಂದು ಅರಸನು ಬೇಡಿಕೊಂಡನು, ದೇವರು ಜನರನ್ನು ವಾಸಿಮಾಡಿದನು. ತಿಳಿದೂ ತನ್ನದೇ ದಾರಿ ಹಿಡಿಯುವವನಿಗೂ, ದಾರಿ ತಿಳಿದು ಬರುತ್ತಿರುವಾಗ ಎಡವುವವನಿಗೂ ಇರುವ ಅಂತರವನ್ನು ದೇವರು ಬಲ್ಲನು.

ಇಬ್ರಿಯರಿಗೆ ಬರೆದ ಪತ್ರಿಕೆಯು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತದೆ: ಯೇಸುವಿನ ರಕ್ತದ ಮೂಲಕ ಪರಿಶುದ್ಧ ಸ್ಥಾನಕ್ಕೆ ಧೈರ್ಯದಿಂದ ಬನ್ನಿರಿ ಎಂದು 10ನೇ ಅಧ್ಯಾಯ, ನಮ್ಮ ದೇವರು ದಹಿಸುವ ಅಗ್ನಿಯಾದ್ದರಿಂದ ಭಯಭಕ್ತಿಯಿಂದ ಆರಾಧಿಸೋಣ ಎಂದು 12ನೇ ಅಧ್ಯಾಯ. ದಾರಿಯನ್ನು ತೆರೆದವನೂ ದೇವರೇ ಆದ್ದರಿಂದ ಧೈರ್ಯಕ್ಕೆ ಕಾರಣವಿದೆ. ಆ ದಾರಿ ಒಂದೇ ಆದ್ದರಿಂದ ಬೇರೆ ಬಂಡಿ ಕಟ್ಟುವ ಮಾತಿಲ್ಲ.

ಮೂರು ತಿಂಗಳು ಮಂಜೂಷವನ್ನು ಮನೆಯಲ್ಲಿಟ್ಟುಕೊಂಡಿದ್ದ ಓಬೇದೆದೋಮನ ಹೆಸರು ಮೊದಲ ಪೂರ್ವಕಾಲವೃತ್ತಾಂತದ 15ನೇ ಅಧ್ಯಾಯದಲ್ಲಿ ಮತ್ತೆ ಸಿಗುತ್ತದೆ, ಈ ಸಲ ಮಂಜೂಷದ ಬಾಗಿಲು ಕಾಯುವವರ ಪಟ್ಟಿಯಲ್ಲಿ.